ವೀಸಾ ಬೇಡ ಅಂದರು ಸರಿ, ಪಾಸ್‌ಪೋರ್ಟ್ ತೆರೆದು ನೋಡಿದವರು ಯಾರು?

ಈಚೆಗೆ ನನ್ನ ಕಿವಿಗೆ ಬೀಳುವ ಫಾರಿನ್ ಟೂರಿನ ಕತೆಗಳಲ್ಲಿ, ಫಾರಿನ್ನಿಗೆ ಹೋಗದೆ ಸಹಾರ್‌ನಿಂದಲೇ ರಿಕ್ಷಾ ಹಿಡಿದು ಮನೆಗೆ ಬಂದವರ ಕತೆಗಳೇ ಜಾಸ್ತಿ ಅನ್ನಿಸುತ್ತಿದೆ. (ಅಂದರೆ ಮುಂಬಯಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಹೊಸಬರು ಟಿ2 ಅನ್ನುತ್ತಾರೆ. ನಮ್ಮಂಥ ಹಳೇ ಮುಂಬಯಿಯವರಿಗೆ ಅದು ಇನ್ನೂ ಸಹಾರ್.) ಟಿಕೆಟ್ ಇತ್ತು, ಹೋಟೆಲ್ ಬುಕ್ ಆಗಿತ್ತು, ಆಫೀಸಿನಲ್ಲಿ ರಜೆ ಸಿಕ್ಕಿತ್ತು, ಮಕ್ಕಳಿಗೆ ಬೀಚ್ ಚಪ್ಪಲಿ ಕೂಡ ತಂದಾಗಿತ್ತು. ಪಾಸ್‌ಪೋರ್ಟ್ ಕೈಯಲ್ಲೇ ಇತ್ತು, ಅದರ ತಾರೀಕೂ ಮುಗಿದಿರಲಿಲ್ಲ. ಆದರೂ ನಡುರಾತ್ರಿ ಚೆಕ್‌ಇನ್ ಕೌಂಟರಿನ ಹುಡುಗಿ ಪುಟ ತಿರುಗಿಸಿ, ಕಂಪ್ಯೂಟರ್ ನೋಡಿ, ಪಕ್ಕದವರನ್ನು ಕರೆದು ಪಿಸುಗುಟ್ಟಿ, ಕೊನೆಗೆ ಸಾರಿ ಅಂದಳು.

ಇದಕ್ಕೆಲ್ಲ ಜನರ ಮರೆವೇ ಕಾರಣ ಅಂತ ಬೈಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ವೀಸಾ ಸುಲಭವಾಗಿರುವುದೇ ಕಾರಣ ಅಂತ ನನ್ನ ಲೆಕ್ಕ.

ಮೊದಲೆಲ್ಲ ಹೇಗಿತ್ತು ನೋಡಿ. ಎಲ್ಲಿಗೆ ಹೊರಟರೂ ವೀಸಾ. ವೀಸಾಕ್ಕೆ ಏಜೆಂಟ್. ಅವನು ಪಾಸ್‌ಪೋರ್ಟ್ ಕೈಗೆ ತೆಗೆದುಕೊಂಡ ಕೂಡಲೇ ಮಾಡುವ ಕೆಲಸ ಒಂದೇ, ತಾರೀಕು ನೋಡುವುದು, ಆಮೇಲೆ ಖಾಲಿ ಪುಟ ಎಣಿಸುವುದು. ತೊಂದರೆ ಇದ್ದರೆ ಪ್ರಯಾಣಕ್ಕೆ ಒಂದೆರಡು ತಿಂಗಳು ಇರುವಾಗಲೇ ಗೊತ್ತಾಗುತ್ತಿತ್ತು. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡ ಅಂದಿತು. ಡಿಸೆಂಬರಿನಲ್ಲಿ ಮಲೇಷ್ಯಾ ಕೂಡ ಬಾಗಿಲು ತೆರೆಯಿತು. ಉಳಿದ ಎಷ್ಟೋ ದೇಶಗಳದ್ದು ಈಗ ಆನ್‌ಲೈನ್ ವೀಸಾ, ಮೊಬೈಲಿನಲ್ಲೇ ಮುಗಿಯುತ್ತದೆ. ಒಳ್ಳೆಯದೇ ಆಯಿತು. ಆದರೆ ನಮ್ಮ ಪಾಸ್‌ಪೋರ್ಟನ್ನು ಬೇರೆಯವರು ಯಾರಾದರೂ ಮೊದಲ ಸಲ ಗಮನವಿಟ್ಟು ನೋಡುವುದು ಈಗ ವಿಮಾನ ಹೊರಡಲು ಮೂರು ಗಂಟೆ ಇರುವಾಗ. ಆ ಹೊತ್ತಿಗೆ ಯಾವ ಕಚೇರಿಯೂ ತೆರೆದಿರುವುದಿಲ್ಲ, ಯಾವ ಗುರುತಿನವರೂ ಫೋನ್ ಎತ್ತುವುದಿಲ್ಲ.

ನಾನಿರುವುದು ಡೊಂಬಿವಲಿಯಲ್ಲಿ. ನಂಟರಲ್ಲಿ, ಬಿಲ್ಡಿಂಗಿನಲ್ಲಿ ಯಾರಿಗೆ ಆನ್‌ಲೈನ್ ಫಾರ್ಮ್ ತುಂಬಬೇಕಾದರೂ ನನ್ನ ನೆನಪಾಗುತ್ತದೆ. ಮೊನ್ನೆ ಭಾವ ಫೋನ್ ಮಾಡಿದ್ದರು. "ದೀಪಾವಳಿ ರಜೆಯಲ್ಲಿ ಬಾಲಿಗೆ ಹೋಗುವ ಅಂತ ಉಂಟು. ಟಿಕೆಟ್ ಚೀಪ್ ಇದೆ, ಈಗಲೇ ಬುಕ್ ಮಾಡಿ ಬಿಡ್ಲಾ?"

"ಭಾವ, ಮೊದಲು ನಾಲ್ಕೂ ಜನರ ಪಾಸ್‌ಪೋರ್ಟ್ ತೆಗೆದು ಫೋಟೊ ಕಳಿಸಿ."

"ಎಲ್ಲಾ ಸರಿ ಉಂಟು ಮಾರಾಯ. ಬರುವ ವರ್ಷ ಫೆಬ್ರವರಿ ತನಕ ಉಂಟು."

ಸರಿ ಇಲ್ಲ ಅನ್ನುವುದು ಅಲ್ಲೇ ಗೊತ್ತಾಯಿತು. ಇಂಡೋನೇಷ್ಯಾಕ್ಕೆ ನೀವು ಇಳಿಯುವ ದಿನದಿಂದ ಮುಂದೆ ಕನಿಷ್ಠ ಆರು ತಿಂಗಳು ಪಾಸ್‌ಪೋರ್ಟ್ ಜೀವಂತ ಇರಬೇಕು. ಸಿಂಗಾಪುರ, ಮಲೇಷ್ಯಾ, ದುಬೈ ಎಲ್ಲ ಕಡೆ ಇದೇ ಲೆಕ್ಕ. ಬಂದವನು ಕಾಯಿಲೆ ಬಿದ್ದೋ ಇನ್ನೇನೋ ಆಗಿಯೋ ಉಳಿದುಬಿಟ್ಟರೆ, ಅವನನ್ನು ವಾಪಸ್ ಕಳಿಸುವಾಗ ಕೈಯಲ್ಲಿ ನಡೆಯುವ ಪಾಸ್‌ಪೋರ್ಟ್ ಇರಲಿ ಅನ್ನುವುದು ಆ ದೇಶಗಳ ಯೋಚನೆ. ಯುರೋಪಿನ ಶೆಂಗೆನ್ ದೇಶಗಳ ಲೆಕ್ಕ ಬೇರೆ. ಅಲ್ಲಿಂದ ಹೊರಡುವ ದಿನದಿಂದ ಮುಂದೆ ಮೂರು ತಿಂಗಳು ಸಾಕು, ಜೊತೆಗೆ ಎರಡು ಖಾಲಿ ಪುಟ ಬೇಕು. ದೇಶಕ್ಕೊಂದು ನಿಯಮ ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗುವ ಮಾತಲ್ಲ. ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಪಾಸ್‌ಪೋರ್ಟಿನಲ್ಲಿ ಅಚ್ಚಾದ ತಾರೀಕಿಗೆ ಆರು ತಿಂಗಳು ಮೊದಲೇ ಅದು ಮುಗಿಯಿತು ಅಂತ ತಿಳಿದುಕೊಳ್ಳಿ.

ಕೌಂಟರಿನ ಹುಡುಗಿಯ ಮೇಲೆ ಸಿಟ್ಟು ಮಾಡಿ ಏನೂ ಉಪಯೋಗವಿಲ್ಲ. ಅವಳ ಕಂಪ್ಯೂಟರಿನಲ್ಲಿ ಯಾವ ದೇಶಕ್ಕೆ ಏನು ಕಾಗದ ಬೇಕು ಅನ್ನುವುದೆಲ್ಲ ಇರುತ್ತದೆ. ಟಿಮ್ಯಾಟಿಕ್ ಅಂತ ಅದರ ಹೆಸರು, ವಿಮಾನ ಕಂಪನಿಗಳ ಸಂಘವಾದ ಐಯಾಟಾ ನಡೆಸುವ ವ್ಯವಸ್ಥೆ. ಕಾಗದ ಸರಿಯಿಲ್ಲದವರನ್ನು ಹತ್ತಿಸಿಕೊಂಡು ಹೋದರೆ ಆ ಕಡೆಯ ಸರಕಾರ ಕಂಪನಿಗೆ ದಂಡ ಹಾಕುತ್ತದೆ, ವಾಪಸ್ ಕರೆತರುವ ಖರ್ಚೂ ಅವರದ್ದೇ. ಹಾಗಾಗಿ ನೀವು ಮರಾಠಿಯಲ್ಲಿ ಬೈದರೂ ತುಳುವಿನಲ್ಲಿ ಬೇಡಿಕೊಂಡರೂ ಅವಳಿಗೆ ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದವರೂ ಪಾಸ್‌ಪೋರ್ಟ್ ಹೊಸದು ಮಾಡಿಸುವುದನ್ನು ಮುಂದಕ್ಕೆ ಹಾಕುತ್ತಾರೆ. ಅದಕ್ಕೆ ಕಾರಣ ಕೇಳಿದರೆ ನಗು ಬರುತ್ತದೆ. "ಇನ್ನೂ ಎಂಟು ತಿಂಗಳು ಉಂಟಲ್ಲ, ಈಗಲೇ ಮಾಡಿಸಿದರೆ ಅಷ್ಟು ದಿನ ಹಾಳು." ಸರಿ, ಲೆಕ್ಕ ಹಾಕೋಣ. ದೊಡ್ಡವರ 36 ಪುಟದ ಪಾಸ್‌ಪೋರ್ಟಿಗೆ 1500 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ತಿಂಗಳಿಗೆ ಹನ್ನೆರಡೂವರೆ ರೂಪಾಯಿ ಬಿತ್ತು. ಉಳಿದ ತಿಂಗಳುಗಳನ್ನು ಹೊಸ ಪುಸ್ತಕಕ್ಕೆ ಸೇರಿಸಿ ಕೊಡುವುದಿಲ್ಲ, ನಿಜ. ಆದರೆ ಎಂಟು ತಿಂಗಳು ಹಾಳಾದರೆ ಹೋದದ್ದು ನೂರು ರೂಪಾಯಿ. ಮಾಟುಂಗಾದಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ. ಇದನ್ನು ಉಳಿಸಲಿಕ್ಕೆ ಹೋಗಿ ಕೊನೆಗೆ ತತ್ಕಾಲ್ ಅಂತ ಓಡಿ ಮೇಲೆ 2000 ರೂಪಾಯಿ ಕೊಡುವವರನ್ನು ಕಂಡಿದ್ದೇನೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು. ಫಾರ್ಮಿನಲ್ಲಿ ರೀ-ಇಶ್ಯೂ ಅನ್ನುವುದನ್ನು ಆರಿಸಬೇಕು. ಜಾಸ್ತಿ ತಿರುಗುವವರು 60 ಪುಟದ್ದು ತೆಗೆದುಕೊಳ್ಳಿ, ಅದಕ್ಕೆ 2000, ವ್ಯತ್ಯಾಸ 500 ಮಾತ್ರ. ಹಣ ಕಟ್ಟುವ ಮೊದಲು ವೆಬ್‌ಸೈಟಿನ ವಿಳಾಸದ ಕೊನೆಗೆ ಸರಕಾರದ ಗುರುತು (gov.in) ಇದೆಯೇ ನೋಡಿ. ಸರಕಾರದ್ದೇ ಅನ್ನಿಸುವಂತೆ ಮಾಡಿಟ್ಟ ನಕಲಿ ಜಾಲತಾಣಗಳು ಬೇಕಾದಷ್ಟಿವೆ.

ಇನ್ನು ಮಕ್ಕಳು. ಭಾವನ ಮನೆಯಲ್ಲಿ ನಿಜವಾದ ತೊಂದರೆ ಇದ್ದದ್ದು ಮಗಳ ಪಾಸ್‌ಪೋರ್ಟಿನಲ್ಲಿ. ಮಕ್ಕಳದ್ದು ಐದೇ ವರ್ಷ. ಆರು ತಿಂಗಳು ಕಳೆದರೆ ಉಳಿಯುವುದು ನಾಲ್ಕೂವರೆ. ಮಸ್ಕತ್‌ನಲ್ಲಿರುವ ಮಾವನ ಮನೆಗೆ ಅಂತ ಮೂರು ವರ್ಷವಿರುವಾಗ ಮಾಡಿಸಿದ್ದು, ಈಗ ಅವಳು ಮೂರನೇ ಕ್ಲಾಸಿಗೆ ಹೋಗುತ್ತಾಳೆ. ಫೋಟೊದಲ್ಲಿರುವುದು ಕೆನ್ನೆ ಉಬ್ಬಿದ ಒಂದು ಕೂಸು. ದೊಡ್ಡವರು ತಮ್ಮ ಪಾಸ್‌ಪೋರ್ಟ್ ನೋಡಿ, ಹತ್ತು ವರ್ಷ ಇದೆಯಲ್ಲ ಅಂತ ಎಲ್ಲರದ್ದೂ ಹಾಗೇ ಅಂದುಕೊಳ್ಳುತ್ತಾರೆ. ನಾಲ್ಕು ಜನರ ಸಂಸಾರ ಅಂದರೆ ನಾಲ್ಕು ಬೇರೆ ಬೇರೆ ತಾರೀಕು. ಯಾವುದು ಎಲ್ಲಕ್ಕಿಂತ ಮೊದಲು ಮುಗಿಯುತ್ತದೋ ಅದೇ ಇಡೀ ಮನೆಯ ತಾರೀಕು. ಮಗುವಿನ ಅರ್ಜಿಗೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಪತ್ರವೂ ಬೇಕು. ಒಬ್ಬರು ಹಡಗಿನಲ್ಲೋ ಗಲ್ಫಿನಲ್ಲೋ ಇದ್ದರೆ ಆ ಸಹಿಗೇ ಸಮಯ ಹಿಡಿಯುತ್ತದೆ. ನಾಲ್ಕು ವರ್ಷದ ಒಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೊ ನೀವೇ ಒಯ್ಯಬೇಕು, ಉಳಿದವರದ್ದು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ತೆಗೆಯುತ್ತಾರೆ.

ತಾರೀಕಿನ ಮಾತು ಇಲ್ಲಿಗೆ ಸಾಕು. ತಾರೀಕಾದರೂ ಯಾರಾದರೂ ನೋಡುತ್ತಾರೆ. ಹೆಸರನ್ನು ಯಾರೂ ಓದುವುದಿಲ್ಲ. ನಮ್ಮ ಮುಂಬಯಿ ಕನ್ನಡಿಗರ ಪಾಸ್‌ಪೋರ್ಟ್ ಸಿಕ್ಕಿಬೀಳುವುದೇ ಅಲ್ಲಿ.

ಮಹಾರಾಷ್ಟ್ರದಲ್ಲಿ ಹೆಸರಿಗೆ ಮೂರು ತುಂಡು. ತನ್ನ ಹೆಸರು, ಅಪ್ಪನ ಅಥವಾ ಗಂಡನ ಹೆಸರು, ಅಡ್ಡಹೆಸರು. ಇಲ್ಲಿನ ಶಾಲೆಯ ಲೀವಿಂಗ್ ಸರ್ಟಿಫಿಕೇಟಿನಿಂದ ಹಿಡಿದು ರೇಷನ್ ಕಾರ್ಡಿನವರೆಗೆ ಎಲ್ಲ ಕಡೆ ಅದೇ. ನಮ್ಮ ಬಂಟರಿಗೆ ಇದರಿಂದ ತೊಂದರೆ ಇಲ್ಲ, ಶೆಟ್ಟಿ ಅಂತ ಒಂದು ಕೊನೆಯಲ್ಲಿ ಇದ್ದೇ ಇದೆ, ಎಲ್ಲಿಗೆ ಹೋದರೂ ನಡೆಯುತ್ತದೆ. ಘಟ್ಟದ ಮೇಲಿನವರ ಪಾಡು ಬೇರೆ. ನಮ್ಮ ಪಕ್ಕದ ವಿಂಗಿನಲ್ಲಿ ಹಾಸನದ ಕಡೆಯ ಒಬ್ಬರು ಹಿರಿಯರಿದ್ದಾರೆ. ಊರಿನ ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು. ಪ್ಯಾನ್ ಕಾರ್ಡಿನಲ್ಲಿ ಊರು, ಅಪ್ಪ, ತಾನು ಮೂರೂ ಬಿಡಿಸಿ ಬರೆದದ್ದು. ಆಧಾರ್ ಇಲ್ಲಿ ಮಾಡಿಸಿದ್ದು, ಅದರಲ್ಲಿ ಅಪ್ಪನ ಹೆಸರು ನಡುವೆ ಬಂದು ಕೂತಿದೆ. ಪಾಸ್‌ಪೋರ್ಟಿನಲ್ಲಿ ಮಾತ್ರ ಒಂದೇ ಹೆಸರು, ಅಡ್ಡಹೆಸರಿನ ಜಾಗ ಖಾಲಿ. ನಾಲ್ಕು ಕಾಗದದಲ್ಲಿ ನಾಲ್ಕು ಜನ!

ಒಂದೇ ಹೆಸರಿನ ಪಾಸ್‌ಪೋರ್ಟ್ ಅನೇಕ ವರ್ಷ ಯಾರಿಗೂ ತೊಂದರೆ ಕೊಡಲಿಲ್ಲ. 2022ರ ನವೆಂಬರಿನಲ್ಲಿ ಯುಎಇ ಸರಕಾರ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಅಂದುಬಿಟ್ಟಿತು. ಆಮೇಲೆ, ಒಳಗಿನ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರಿದ್ದರೆ ಆದೀತು ಅಂತ ಸ್ವಲ್ಪ ಸಡಿಲ ಮಾಡಿದರು. ಆದರೆ ದಕ್ಷಿಣದ ಎಷ್ಟೋ ಮನೆಗಳಲ್ಲಿ ಆ ವಾರ ಪಾಸ್‌ಪೋರ್ಟ್ ಹೊರಗೆ ತೆಗೆದು ಓದಿದರು. ವಿಮಾನದ ಟಿಕೆಟಿನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡನ್ನೂ ತುಂಬಲೇಬೇಕು, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಮೂರು ಅಕ್ಷರ ಹಾಕಿ ಕೊಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಅವಧಿ ಮುಗಿದು ಹೊಸದು ಮಾಡಿಸುವಾಗಲೇ ಅಡ್ಡಹೆಸರಿನ ಜಾಗ ತುಂಬಿಸಿಕೊಳ್ಳಿ. ಅಪ್ಪನ ಹೆಸರೋ ಊರಿನ ಹೆಸರೋ, ಬೇರೆ ಕಾಗದಗಳಲ್ಲಿ ಯಾವುದಿದೆಯೋ ಅದು. ಒಳಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು.

ಇಂಗ್ಲಿಷ್ ಸ್ಪೆಲ್ಲಿಂಗಿನದ್ದು ಇನ್ನೊಂದು ರಾಮಾಯಣ. ನಮ್ಮ ದೊಡ್ಡಮ್ಮನ ಹೆಸರು ಸುಶೀಲ. ಕಾರ್ಕಳದ ಶಾಲೆಯಲ್ಲಿ ಎರಡು ಇ ಹಾಕಿ ಬರೆದರು, ಘಾಟ್‌ಕೋಪರಿನ ರೇಷನ್ ಆಫೀಸಿನಲ್ಲಿ ಒಂದು ಐ ಹಾಕಿದರು. ದೊಡ್ಡಪ್ಪನ ಮೊದಲ ಪಾಸ್‌ಪೋರ್ಟ್ ಇನ್ನೂ ಅವರ ಮನೆಯಲ್ಲಿದೆ. ಎಂಬತ್ತರ ದಶಕದ್ದು, ಬೊಂಬಾಯಿಯಲ್ಲಿ ಕೊಟ್ಟದ್ದು. ಫೋಟೊ ಅಂಟಿಸಿ, ಹೆಸರು, ಹುಟ್ಟಿದ ಊರು, ಮೈಮೇಲಿನ ಗುರುತು ಎಲ್ಲವನ್ನೂ ಯಾರೋ ಗುಮಾಸ್ತರು ನೀಲಿ ಶಾಯಿಯಲ್ಲಿ ಬರೆದಿದ್ದಾರೆ. ಅಕ್ಷರ ಮುತ್ತಿನ ಹಾಗೆ, ಹೆಂಡತಿಯ ಹೆಸರು ಮಾತ್ರ ಮೂರನೆಯದೇ ಒಂದು ಸ್ಪೆಲ್ಲಿಂಗಿನಲ್ಲಿ. ಕೈಬರಹದ ಪಾಸ್‌ಪೋರ್ಟುಗಳ ಕಾಲ 2015ರ ನವೆಂಬರ್ 24ಕ್ಕೆ ಮುಗಿಯಿತು. ಆ ದಿನದ ನಂತರ ಯಂತ್ರ ಓದಲಾಗದ ಪಾಸ್‌ಪೋರ್ಟ್ ನಡೆಯುವುದಿಲ್ಲ ಅಂತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹೇಳಿತ್ತು. ಆದರೆ ಗುಮಾಸ್ತರು ಬರೆದ ಸ್ಪೆಲ್ಲಿಂಗ್ ಮಾತ್ರ ಒಂದು ಪಾಸ್‌ಪೋರ್ಟಿನಿಂದ ಇನ್ನೊಂದಕ್ಕೆ ಇಳಿಯುತ್ತಾ ಬಂದಿದೆ.

ಹೊಸದಾಗಿ ಮದುವೆಯಾದವರಿಗೆ ಒಂದು ಮಾತು. ಪಾಸ್‌ಪೋರ್ಟ್ ತವರಿನ ಹೆಸರಿನಲ್ಲಿದ್ದರೆ ಹನಿಮೂನಿನ ಟಿಕೆಟನ್ನೂ ಅದೇ ಹೆಸರಿನಲ್ಲಿ ತೆಗೆಯಿರಿ. ಮದುವೆಯಾದ ಮಾತ್ರಕ್ಕೆ ಹೆಸರು ಬದಲಾಯಿಸಲೇಬೇಕು ಅಂತ ಯಾವ ನಿಯಮವೂ ಇಲ್ಲ. ಅತ್ತೆಮನೆಯವರು ಹೇಳುವುದು ಬೇರೆ ವಿಷಯ. ಬದಲಾಯಿಸುವುದಾದರೆ ಬ್ಯಾಂಕ್, ಪ್ಯಾನ್, ಆಧಾರ್ ಎಲ್ಲ ಮುಗಿಸಿ ಕೊನೆಗೆ ಪಾಸ್‌ಪೋರ್ಟಿಗೆ ಬನ್ನಿ.

ಹೆಸರು ಆಯಿತು, ವಿಳಾಸ. ಈ ಊರಿನಲ್ಲಿ ಬಾಡಿಗೆ ಮನೆ ಅಂದರೆ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು. ವರ್ಷ ವರ್ಷ ಮನೆ ಬದಲಾಗುವವರ ಪಾಸ್‌ಪೋರ್ಟಿನಲ್ಲಿ ಎಲ್ಲಿಯದೋ ಹಳೇ ವಿಳಾಸ ಇರುತ್ತದೆ. ಅದಕ್ಕೇ ಎಷ್ಟೋ ಜನ ಊರಿನ ಮನೆಯ ವಿಳಾಸವನ್ನೇ ಕೊಡುತ್ತಾರೆ, ಅದು ಬದಲಾಗುವುದಿಲ್ಲವಲ್ಲ. 2018ರಿಂದ ದೇಶದ ಯಾವ ಕೇಂದ್ರದಲ್ಲಿ ಬೇಕಾದರೂ ಅರ್ಜಿ ಹಾಕಬಹುದು ಅಂತ ಆದ ಮೇಲೆ ಇದು ಇನ್ನೂ ಜಾಸ್ತಿಯಾಗಿದೆ. ಠಾಣೆಯಲ್ಲಿ ಅರ್ಜಿ, ಮೂಡುಬಿದಿರೆಯ ವಿಳಾಸ. ಆದರೆ ಪೊಲೀಸ್ ವೆರಿಫಿಕೇಶನ್ ನಡೆಯುವುದು ಫಾರ್ಮಿನಲ್ಲಿರುವ ವಿಳಾಸದಲ್ಲಿ. ಅಲ್ಲಿ ಮನೆಯಲ್ಲಿರುವುದು ಅಜ್ಜಿ ಒಬ್ಬರೇ. ಪೊಲೀಸರು ಬಂದು ಕೇಳಿದರೆ ಅಜ್ಜಿ ಏನು ಹೇಳುತ್ತಾರೆ? "ಅವನು ಇಲ್ಲಿ ಎಲ್ಲಿದ್ದಾನೆ ಮಾರಾಯ್ರೆ, ಬೊಂಬಾಯಿಯಲ್ಲಲ್ವಾ ಇರುವುದು!" ಅಜ್ಜಿ ಹೇಳಿದ್ದು ಸತ್ಯ. ವರದಿಯೂ ಹಾಗೇ ಹೋಗುತ್ತದೆ, ಅರ್ಜಿ ನಿಲ್ಲುತ್ತದೆ. ಈಗ ವಾಸವಿರುವ ಮನೆಯ ವಿಳಾಸ ಕೊಡುವುದೇ ಸರಿ, ರಿಜಿಸ್ಟರ್ ಆದ ಬಾಡಿಗೆ ಕರಾರು ಇದ್ದರೆ ಕೆಲಸ ನಡೆಯುತ್ತದೆ.

ಕೇಂದ್ರದ ಒಳಗಿನ ಕೆಲಸದ ಬಗ್ಗೆ ಮಾತ್ರ ನನಗೆ ದೂರು ಕಡಿಮೆ. ಲೋವರ್ ಪರೇಲ್, ಅಂಧೇರಿ, ಮಲಾಡ್, ಠಾಣೆ, ಆ ಕಡೆ ಪುಣೆಯವರಿಗೆ ಮುಂಢವಾ, ಎಲ್ಲ ಕಡೆ ಒಂದೇ ಕ್ರಮ. ಟೋಕನ್, ಆಮೇಲೆ ಎ, ಬಿ, ಸಿ ಅಂತ ಮೂರು ಕೌಂಟರ್. ಎ ಕೌಂಟರಿನಲ್ಲಿ ಕಾಗದ ಸ್ಕ್ಯಾನ್, ಫೋಟೊ, ಬೆರಳಚ್ಚು. ಅಲ್ಲಿ ಕೂರುವವರು ಟಿಸಿಎಸ್‌ನ ಹುಡುಗ ಹುಡುಗಿಯರು. ಬಿ ಮತ್ತು ಸಿಯಲ್ಲಿ ಸರಕಾರಿ ಅಧಿಕಾರಿಗಳು. ಅಂಚೆ ಕಚೇರಿಯಲ್ಲೂ ಈ ಕೆಲಸ ಶುರುವಾದದ್ದು 2017ರ ಜನವರಿಯಲ್ಲಿ, ಅದೂ ನಮ್ಮ ಮೈಸೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ, ಗುಜರಾತಿನ ದಾಹೋದ್ ಜೊತೆಗೆ. ಮುಂಬಯಿಯಲ್ಲಿ ಕೂತು ಇದನ್ನು ಹೇಳಲಿಕ್ಕೆ ನನಗೆ ಸ್ವಲ್ಪ ಜಂಭ. ಪಾಸ್‌ಪೋರ್ಟ್ ಪುಸ್ತಕ ಅಚ್ಚಾಗುವುದು ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿನಲ್ಲಿ. ಮನೆಗೆ ಬರುವುದು ಸ್ಪೀಡ್ ಪೋಸ್ಟಿನಲ್ಲಿ. ಈಗ ಚಿಪ್ ಇರುವ ಇ-ಪಾಸ್‌ಪೋರ್ಟ್ ಬರುತ್ತಿದೆ, ಮುಂದಿನ ರಟ್ಟಿನ ಮೇಲೆ ಚಿನ್ನದ ಬಣ್ಣದ ಒಂದು ಸಣ್ಣ ಗುರುತು ಇರುತ್ತದೆ. ಅದಕ್ಕಾಗಿ ಹಳೆಯದನ್ನು ಬದಲಾಯಿಸಬೇಕಾಗಿಲ್ಲ, ಅವಧಿ ಮುಗಿಯುವ ತನಕ ಅದು ನಡೆಯುತ್ತದೆ.

ದೂರು ಇರುವುದು ಹೊರಗಿನ ಗಲ್ಲಿಯ ಬಗ್ಗೆ. ಝೆರಾಕ್ಸ್ ಅಂಗಡಿ, ಅದರ ಪಕ್ಕದಲ್ಲಿ ಒಂದು ಮೇಜು, ಮೇಜಿನ ಮೇಲೆ ನೋಟರಿಯ ಮೊಹರು. "ಅಫಿಡವಿಟ್ ಇಲ್ಲದೆ ಒಳಗೆ ಬಿಡುವುದಿಲ್ಲ" ಅಂತ ಹೆದರಿಸಿ ಸ್ಟಾಂಪ್ ಪೇಪರ್ ಮಾರುತ್ತಾರೆ. 2016ರ ಡಿಸೆಂಬರಿನಲ್ಲೇ ಈ ಘೋಷಣಾ ಪತ್ರಗಳನ್ನು ಬಿಳಿ ಹಾಳೆಯ ಮೇಲೆ ನಾವೇ ಬರೆದು ಸಹಿ ಮಾಡಿದರೆ ಸಾಕು ಅಂತ ವಿದೇಶಾಂಗ ಸಚಿವಾಲಯ ಹೇಳಿದೆ. ಆ ಮೇಜಿನವನಿಗೆ ಅದು ಗೊತ್ತಿಲ್ಲ ಅಂತಲ್ಲ.

ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರ್ ಬರುತ್ತದೆ ಅನ್ನುವುದು ನೆನಪಿರಲಿ. ಹಳೆಯದರ ಮೂಲೆ ಕತ್ತರಿಸಿ ವಾಪಸ್ ಕೊಡುತ್ತಾರೆ. ಅದರಲ್ಲಿ ಅಮೆರಿಕದ ಹತ್ತು ವರ್ಷದ ವೀಸಾ ಇದ್ದರೆ ಎಸೆಯಬೇಡಿ, ಎರಡನ್ನೂ ಒಟ್ಟಿಗೆ ಒಯ್ಯಬೇಕು. ಆದರೆ ಹಳೇ ನಂಬರಿಗೆ ತೆಗೆದ ಆನ್‌ಲೈನ್ ವೀಸಾ ಇದ್ದರೆ ಅದು ನಡೆಯುವುದಿಲ್ಲ. ಆದ್ದರಿಂದ ಮೊದಲು ಪಾಸ್‌ಪೋರ್ಟ್, ಆಮೇಲೆ ವೀಸಾ, ಆಮೇಲೆ ಟಿಕೆಟ್. ಟಿಕೆಟ್ ಚೀಪ್ ಇದೆ ಅಂತ ಅಲ್ಲಿಂದ ಶುರು ಮಾಡಿದರೆ ಎಲ್ಲ ಉಲ್ಟಾ ಆಗುತ್ತದೆ. ಭಾವನಿಗೂ ಇದನ್ನೇ ಹೇಳಿದೆ. ಅವರು ಈಗ ದೀಪಾವಳಿಗೆ ನೇಪಾಳ ಅನ್ನುತ್ತಿದ್ದಾರೆ. ಅಲ್ಲಿಗೆ ದೊಡ್ಡವರಿಗೆ ಮತದಾರರ ಗುರುತಿನ ಚೀಟಿ ಸಾಕು, ಅತ್ತಿಗೆಯ ಮುಖ ಮಾತ್ರ ಇನ್ನೂ ಬಾಲಿಯ ಕಡೆಗೇ ಇದೆ.

ಮುಂಬಯಿಯಲ್ಲಿ ಪಾಸ್‌ಪೋರ್ಟಿಗೆ ದೊಡ್ಡ ಶತ್ರು ಮಳೆಗಾಲ. ನಾಲ್ಕು ತಿಂಗಳು ಗೋಡೆ ಬೆವರುತ್ತದೆ, ಕಪಾಟಿನ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ, ಪಾಸ್‌ಪೋರ್ಟ್ ಬೇರೆಯೇ? 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಕೆಳಮಹಡಿಯವರ ಕಾಗದಪತ್ರಗಳೆಲ್ಲ ನೀರಲ್ಲಿ ತೇಲಿದವು. ಪುಟ ಉಬ್ಬಿ, ಫೋಟೊದ ಪುಟದ ಪ್ಲಾಸ್ಟಿಕ್ ಬಿಟ್ಟುಕೊಂಡರೆ ಅದನ್ನು ಹಾಳಾದದ್ದು ಅಂತಲೇ ಲೆಕ್ಕ ಹಿಡಿಯುತ್ತಾರೆ. ಇಸ್ತ್ರಿ ಹಾಕಿ ಸರಿ ಮಾಡುವ ಸಾಹಸ ಬೇಡ. ಹಾಳಾದ, ಕಳೆದುಹೋದ ಪಾಸ್‌ಪೋರ್ಟಿನ ಬದಲು ಹೊಸದಕ್ಕೆ 36 ಪುಟಕ್ಕೆ 3000 ರೂಪಾಯಿ. ಜಿಪ್ ಇರುವ ಒಂದು ಪ್ಲಾಸ್ಟಿಕ್ ಚೀಲ ಸಾಕು, ದುಬಾರಿ ಚರ್ಮದ ಕವರ್ ಬೇಡ.

ಬೇಕಂತಲೇ ಹಾಳು ಮಾಡುವವರೂ ಇದ್ದಾರೆ. 2025ರಲ್ಲಿ ಪುಣೆಯ ಒಬ್ಬರು ಬ್ಯಾಂಕಾಕ್ ಪ್ರವಾಸ ಮನೆಯವರಿಗೆ ಗೊತ್ತಾಗದಿರಲಿ ಅಂತ ಪುಟಗಳನ್ನು ಹರಿದು, ಮುಂಬಯಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು ಬಂಧನಕ್ಕೊಳಗಾದ ಸುದ್ದಿ ಬಂದಿತ್ತು. ಮನೆಯವರಿಗೆ ಗೊತ್ತಾಗಬಾರದು ಅಂದದ್ದು ಪೇಪರಿನಲ್ಲಿ ಬಂತು! ಪಾಸ್‌ಪೋರ್ಟ್ ನಮ್ಮ ಹೆಸರಿನಲ್ಲಿದ್ದರೂ ಅದರ ಒಡೆತನ ಸರಕಾರದ್ದು. ಹಾಗಾಗಿ ಬಾಲಿ, ಫುಕೆಟ್ ಕಡೆ ಸ್ಕೂಟರ್ ಬಾಡಿಗೆಗೆ ಕೊಡುವವನು ಪಾಸ್‌ಪೋರ್ಟ್ ಅಡ ಇಡಿ ಅಂದರೆ ಕೊಡಬೇಡಿ. ಬೇಕಿದ್ದರೆ ಎರಡು ಕಾಸು ಜಾಸ್ತಿ ಡೆಪಾಸಿಟ್ ಇಡಿ.

ಅಷ್ಟು ಮಾಡಿಯೂ ಅಲ್ಲಿ ಕಳೆದುಹೋದರೆ? ಮೊದಲು ಅಲ್ಲಿನ ಪೊಲೀಸ್ ಠಾಣೆಯಲ್ಲಿ ದೂರು. ಆ ಕಾಗದ ಹಿಡಿದು ಭಾರತೀಯ ರಾಯಭಾರ ಕಚೇರಿ. ಮೊದಲ ಮತ್ತು ಕೊನೆಯ ಪುಟದ ಫೋಟೊ ಮೊಬೈಲಿನಲ್ಲಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ತಕ್ಷಣ ಊರಿಗೆ ಹೊರಡಬೇಕಾದವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಭಾರತಕ್ಕೆ ವಾಪಸ್ ಬರಲಿಕ್ಕೆ ಮಾತ್ರ. ಸಿಂಗಾಪುರದಲ್ಲಿ ಕಳೆದುಕೊಂಡು, ಅದನ್ನು ಹಿಡಿದು ಉಳಿದ ಗುಂಪಿನ ಜೊತೆ ಮಲೇಷ್ಯಾ ನೋಡಿ ಬರುತ್ತೇನೆ ಅಂದರೆ ಆಗದು. ಇಲ್ಲಿ ಬಂದ ಮೇಲೆ ಮತ್ತೆ ಅರ್ಜಿ, ಮತ್ತೆ ಪೊಲೀಸ್ ವಿಚಾರಣೆ.

ಇದರಲ್ಲಿ ಒಂದು ತಮಾಷೆ ಏನೆಂದರೆ, ಕಳೆದುಹೋಯಿತು ಅಂತ ದೂರು ಕೊಟ್ಟ ಮೇಲೆ ಪಾಸ್‌ಪೋರ್ಟ್ ಸೂಟ್‌ಕೇಸಿನ ಅಸ್ತರಿನ ಒಳಗೋ ಸೋಫಾದ ಸಂದಿಯಲ್ಲೋ ಸಿಗುವುದುಂಟು. ತಾರೀಕು ಇನ್ನೂ ಐದು ವರ್ಷ ಇದ್ದರೂ ಅದು ಇನ್ನು ನಡೆಯುವುದಿಲ್ಲ. ಕಳೆದದ್ದು ಅಂತ ಅದರ ನಂಬರ್ ಕಂಪ್ಯೂಟರಿನಲ್ಲಿ ಸೇರಿರುತ್ತದೆ, ಇಮಿಗ್ರೇಶನ್‌ನಲ್ಲಿ ತೋರಿಸಿದ ಕೂಡಲೇ ಪಕ್ಕಕ್ಕೆ ನಿಲ್ಲಿಸುತ್ತಾರೆ. ಸುಮ್ನೆ ಪಾಸ್‌ಪೋರ್ಟ್ ಆಫೀಸಿಗೆ ಒಯ್ದು ಒಪ್ಪಿಸಿ ಬನ್ನಿ.